ರೋಮ್ ಹೋಟೆಲಿನ 72 ಯೂರೋ ಮೋಸವಲ್ಲ

ಕೋಣೆಯ ಬಾಡಿಗೆಯನ್ನು ಆನ್‌ಲೈನಿನಲ್ಲಿ ಪೂರ್ತಿ ಕಟ್ಟಿದ ಮೇಲೂ ರೋಮ್‌ನ ತ್ರೀ ಸ್ಟಾರ್ ಹೋಟೆಲಿನವರು 72 ಯೂರೋ ಕೇಳುತ್ತಿರುವುದು ಮೋಸವೇ ಎಂದು ಕೇಳಿದ್ದೀರಿ. ಅಲ್ಲ. ಅದು ನಗರಪಾಲಿಕೆಯ ವಾಸ್ತವ್ಯ ತೆರಿಗೆ. ಹೋಟೆಲು ವಸೂಲಿ ಮಾಡಿ ಪಾಲಿಕೆಗೆ ಕಟ್ಟುತ್ತದೆ. ಬುಕಿಂಗ್ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ‘ನಗರ ತೆರಿಗೆ ಸೇರಿಲ್ಲ’ ಎಂದು ಬರೆದಿರುತ್ತಾರೆ. ಯಾರು ಓದುತ್ತಾರೆ, ಹೇಳಿ!

ಲೆಕ್ಕ ಕೋಣೆಗಲ್ಲ, ತಲೆಗೆ. ತ್ರೀ ಸ್ಟಾರ್ ಹೋಟೆಲಾದರೆ ಒಬ್ಬರಿಗೆ ಒಂದು ರಾತ್ರಿಗೆ 6 ಯೂರೋ, ಫೋರ್ ಸ್ಟಾರಿಗೆ 7.50, ಫೈವ್ ಸ್ಟಾರಿಗೆ 10. ಬಾಡಿಗೆಯಲ್ಲಿ ಎಷ್ಟೇ ರಿಯಾಯಿತಿ ಸಿಕ್ಕಿದ್ದರೂ ಇದು ಇಳಿಯುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇರುವುದರಿಂದ ನಿಮ್ಮ ಏಳು ವರ್ಷದ ಮಗನನ್ನು ಬಿಟ್ಟಿದ್ದಾರೆ. ಹನ್ನೆರಡರ ಮಗಳು ಲೆಕ್ಕಕ್ಕೆ ಬರುತ್ತಾಳೆ. ಮೂವರು, ನಾಲ್ಕು ರಾತ್ರಿ, ತಲಾ ಆರು ಯೂರೋ: 72 ಸರಿಯಾಗಿಯೇ ಇದೆ. ಸತತ ಹತ್ತು ರಾತ್ರಿ ದಾಟಿದರೆ ಮುಂದಿನ ರಾತ್ರಿಗಳಿಗೆ ತೆರಿಗೆಯಿಲ್ಲ, ನಿಮಗೆ ಅದು ಅನ್ವಯಿಸದು.

ಕೆಲವು ಕಡೆ ನಗದನ್ನೇ ಕೇಳುತ್ತಾರೆ. ಕೊಡಿ, ಆದರೆ ರಸೀದಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಮುಂದೆ ಆಮ್‌ಸ್ಟರ್‌ಡ್ಯಾಮ್‌ಗೂ ಹೋಗುವವರಿದ್ದರೆ ಅಲ್ಲಿ ತಲೆಲೆಕ್ಕವಿಲ್ಲ, ಬಾಡಿಗೆಯ ಮೇಲೆ ಶೇ. 12.5 ತೆರಿಗೆ. ಅಲ್ಲಿ ಅಗ್ಗದ ಕೋಣೆ ಹುಡುಕಿದರೆ ತೆರಿಗೆಯೂ ತಗ್ಗುತ್ತದೆ.