ಅಡುಗೆಮನೆಗೆ ಎರಡು ಪುಟ ಏಕೆ?

ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ವರ್ಜೀನಿಯಾದಲ್ಲಿ ಕಟ್ಟಿಸಿದ ಮನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ‘ಮಾಂಟಿಸೆಲ್ಲೊ’ ಲೇಖನ ಓದಿ ಮೈಸೂರಿನ ಹಿರಿಯ ಓದುಗರೊಬ್ಬರು ಕೇಳಿದ್ದಾರೆ: ‘ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ನಾನೂ ಅದನ್ನು ನೋಡಿದ್ದೇನೆ. ಗುಮ್ಮಟಕ್ಕೆ ನಾಲ್ಕು ಸಾಲು, ಅಡುಗೆಮನೆ, ಕುಲುಮೆಗಳಿಗೆ ಎರಡು ಪುಟ! ಜೆಫರ್ಸನ್‌ರಂಥ ದೊಡ್ಡವರಿಗೆ ಇದು ನ್ಯಾಯವೇ?’

ಹಿರಿಯರೇ, ಆ ಎರಡು ಪುಟ ಬೇಕೆಂದು ಕೇಳಿ ಬರೆಸಿದವನು ನಾನು. ಲೇಖಕರನ್ನು ದೂರಬೇಡಿ.

ಮನೆ ಚೆಂದವಿದೆ, ಒಪ್ಪಿದೆ. ಆದರೆ ಅದು ಮೊದಲು ತಂಬಾಕು, ಆಮೇಲೆ ಗೋಧಿ ಬೆಳೆದ ಜಮೀನಿನ ಮನೆ. ಯಜಮಾನರು ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅಡುಗೆಮನೆ, ಹಾಲಿನ ಕೋಣೆ, ಮಾಂಸಕ್ಕೆ ಹೊಗೆ ಹಿಡಿಸುವ ಕೋಣೆಗಳನ್ನೆಲ್ಲ ಗುಡ್ಡದ ಇಳಿಜಾರಿನಲ್ಲಿ ಹುದುಗಿಸಿ, ಮೇಲೆ ಅಡ್ಡಾಡಲು ತಾರಸಿ ಕಟ್ಟಿಸಿದರು. ಊಟದ ಕೋಣೆಯ ಒಂದು ಬಾಗಿಲು ನಿಂತಲ್ಲೇ ಸುತ್ತುತ್ತದೆ, ಅದರ ಬೆನ್ನಿಗೆ ಹಲಗೆಗಳಿವೆ. ಆಚೆ ನಿಂತವರು ಪಾತ್ರೆ ಜೋಡಿಸಿ ತಿರುಗಿಸಿದರೆ ಊಟ ಮಾತ್ರ ಒಳಗೆ ಬರುತ್ತದೆ, ತಂದವರ ಮುಖ ಕಾಣುವುದಿಲ್ಲ. ಕಾಣದಂತೆ ಕಟ್ಟಿದ್ದನ್ನು ನಾವೂ ಕಾಣದಂತೆ ಬರೆಯಬೇಕೇ?

ಅಲ್ಲಿ ಅಡುಗೆಯವರಾಗಿದ್ದ ಜೇಮ್ಸ್ ಹೆಮಿಂಗ್ಸ್ ಪ್ಯಾರಿಸ್‌ನಲ್ಲಿ ಪಳಗಿದವರು. ತಮ್ಮ ಪೀಟರ್‌ಗೆ ಆ ವಿದ್ಯೆ ಕಲಿಸಿಕೊಟ್ಟ ಮೇಲಷ್ಟೇ, 1796ರಲ್ಲಿ, ಅವರಿಗೆ ಬಿಡುಗಡೆ ಸಿಕ್ಕಿತು. ಹೊರಡುವ ಮುನ್ನ ಅಡುಗೆಮನೆಯ ಪಾತ್ರೆಪಗಡಗಳನ್ನೆಲ್ಲ ಎಣಿಸಿ ತಮ್ಮ ಕೈಬರಹದಲ್ಲೇ ಪಟ್ಟಿ ಮಾಡಿಟ್ಟರು. ಆ ಹಾಳೆ ಇಂದಿಗೂ ಉಳಿದಿದೆ. ಅದರ ಚಿತ್ರ ನೋಡಿದ ದಿನವೇ ಪುಟ ಹೆಚ್ಚಿಸಲು ತೀರ್ಮಾನಿಸಿದೆ.

ಇನ್ನು ಮಲ್ಬೆರಿ ರೋ. ನಮ್ಮ ಹಿಪ್ಪುನೇರಳೆಯ ಹೆಸರು ಹೊತ್ತ ಆ ಸಾಲಿನಲ್ಲಿ ಗುಡಿಸಲು, ಕುಲುಮೆ, ಮರಗೆಲಸದ ಮನೆಗಳಿದ್ದವು. 1794ರಲ್ಲಿ ಅಲ್ಲಿ ಮೊಳೆ ಕಾರ್ಖಾನೆ ಶುರುವಾಯಿತು. ಕೆಲಸಕ್ಕಿದ್ದವರು 10ರಿಂದ 16 ವಯಸ್ಸಿನ ಹುಡುಗರು. ಒಬ್ಬೊಬ್ಬ ಹುಡುಗನಿಗೆ ಕೊಟ್ಟ ಕಬ್ಬಿಣ ಎಷ್ಟು, ಬಂದ ಮೊಳೆ ಎಷ್ಟು, ಪೋಲಾದದ್ದೆಷ್ಟು ಎಂದು ಜೆಫರ್ಸನ್ ತೂಗಿ ಲೆಕ್ಕ ಬರೆಯುತ್ತಿದ್ದರು. ‘ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ’ ಎಂದು 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದದ್ದೂ ಅದೇ ಕೈ. ಅವರು ತೀರಿಕೊಂಡದ್ದು 1826ರ ಜುಲೈ 4ರಂದು. ಮರುವರ್ಷದ ಜನವರಿಯಲ್ಲಿ, ಸಾಲ ತೀರಿಸಲೆಂದು, 130 ಜನರನ್ನು ಹರಾಜಿಗೆ ಇಟ್ಟರು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಹೋದರು.

ನಮ್ಮ ಕಡೆಯಿಂದ ಆದ ತಪ್ಪು ಬೇರೊಂದಿದೆ. ಕುಲುಮೆಯ ಚಿತ್ರದ ಕೆಳಗೆ ‘ಮನೆಯ ಆಳುಗಳು’ ಎಂದು ಅಚ್ಚಾಗಿದೆ. ಆಳಿಗೆ ಕೂಲಿ ಇರುತ್ತದೆ, ಬೇಡವೆನಿಸಿದರೆ ಬಿಟ್ಟು ಹೋಗಬಹುದು. ದಯವಿಟ್ಟು ಅದನ್ನು ‘ಗುಲಾಮರು’ ಎಂದು ತಿದ್ದಿ ಓದಿಕೊಳ್ಳಿ.

— ಸಂಪಾದಕ