ಡಿಸ್ಕ್ ಹೋಗಿಲ್ಲ, ಸುಮ್ನೆ ದುಡ್ಡು ಸುರೀಬೇಡಿ

ಪ್ರಶ್ನೆ: ಶ್ರೀನಿವಾಸಪುರದಲ್ಲಿ ನಮ್ಮದು ಮಾವಿನ ಮಂಡಿ. ಡೆಸ್ಕ್‌ಟಾಪ್ ತುಂಬಾ ಸ್ಲೋ ಆಯ್ತು ಅಂತ ಹಳೇ ಲ್ಯಾಪ್‌ಟಾಪಿಂದ ತೆಗೆದ 256 ಜಿಬಿ ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಇನ್‌ಸ್ಟಾಲ್ ಮಾಡಕ್ಕೆ ಹೋದ್ರೆ ಡಿಸ್ಕಲ್ಲಿ ಎಂಬಿಆರ್ ಟೇಬಲ್ ಇದೆ, ಆಗಲ್ಲ ಅಂತಿದೆ. ಅಂಗಡಿಯವ್ರು ಡಿಸ್ಕೇ ಹೋಗಿದೆ ಅಂದ್ರು. ಮಂಡಿ ಲೆಕ್ಕ ಎಲ್ಲಾ 1 ಟಿಬಿ ಹಾರ್ಡ್‌ಡಿಸ್ಕಲ್ಲಿದೆ, ಅದಕ್ಕೇನಾದ್ರೂ ಆಗತ್ತಾ?

ಉತ್ತರ: ಹೋಗಿರೋ ಡಿಸ್ಕು ಇಷ್ಟು ನೀಟಾಗಿ ಕಾರಣ ಹೇಳಲ್ಲ ಸ್ವಾಮಿ! ಎಂಬಿಆರ್ ಅನ್ನೋದು ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿ ಬರೆದಿಡೋ 1983ರ ಡಾಸ್ ಕಾಲದ ಪದ್ಧತಿ, ಜಿಪಿಟಿ ಅನ್ನೋದು ಅದರ ಹೊಸ ರೂಪ. ನಿಮ್ಮ ಇನ್‌ಸ್ಟಾಲ್ ಪೆನ್‌ಡ್ರೈವ್ ಬೂಟ್ ಆಗಿರೋದು ಯುಇಎಫ್‌ಐನಲ್ಲಿ (ಹಳೇ ಬಯೋಸ್ ಜಾಗಕ್ಕೆ ಬಂದಿರೋ, ಕಂಪ್ಯೂಟರ್ ಎಬ್ಬಿಸೋ ವ್ಯವಸ್ಥೆ), ಅದು ವಿಂಡೋಸ್ ಹಾಕಕ್ಕೆ ಜಿಪಿಟಿ ಡಿಸ್ಕೇ ಬೇಕು ಅನ್ನತ್ತೆ, ಅಷ್ಟೇ ಜಗಳ.

ಮೊದಲು ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಆ 1 ಟಿಬಿ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಡಿ. ಇದನ್ನ ಮಾತ್ರ ಯಾರು ಬೇಡ ಅಂದ್ರೂ ಕೇಳಬೇಡಿ, ಯಾಕಂದ್ರೆ ಮುಂದೆ ಬರೋ ಕಮಾಂಡು ತಪ್ಪು ಡಿಸ್ಕಿಗೆ ಬಿದ್ರೆ 'ನಿಜವಾಗ್ಲೂ ಅಳಿಸ್ಲಾ' ಅಂತ ಒಂದ್ಸಲಾನೂ ಕೇಳಲ್ಲ. ಎಸ್‌ಎಸ್‌ಡಿಯಲ್ಲಿ ಹಳೇ ಫೋಟೋ ಗೀಟೋ ಇದ್ರೆ ಈಗ್ಲೇ ತೆಗೆದ್ಕೊಳ್ಳಿ.

ಆಮೇಲೆ ಪೆನ್‌ಡ್ರೈವಿಂದ ಮತ್ತೆ ಶುರು ಮಾಡಿ, ಸೆಟಪ್ ಸ್ಕ್ರೀನಲ್ಲಿ ಶಿಫ್ಟ್ ಎಫ್10 ಒತ್ತಿದ್ರೆ ಕಪ್ಪು ಕಿಟಕಿ ಬರತ್ತೆ, ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ, ಲಿಸ್ಟ್ ಡಿಸ್ಕ್ ಕೊಡಿ. 256 ಅಂತ ಹುಡುಕಬೇಡಿ, ಅಲ್ಲಿ ಸುಮಾರು 238 ಜಿಬಿ ತೋರ್ಸತ್ತೆ, ಕಂಪನಿಯವ್ರು ಸಾವಿರದ ಲೆಕ್ಕದಲ್ಲಿ ಮಾರ್ತಾರೆ ವಿಂಡೋಸ್ 1024ರಲ್ಲಿ ಎಣಿಸತ್ತೆ. (931 ಕಂಡ್ರೆ ಕೇಬಲ್ ಇನ್ನೂ ಕಿತ್ತಿಲ್ಲ ಅಂತ.) ಸೆಲೆಕ್ಟ್ ಡಿಸ್ಕ್ ಅಂತ ಬರೆದು ಅದರ ನಂಬರ್ ಹಾಕಿ, ಆಮೇಲೆ ಕ್ಲೀನ್ (ಡಿಸ್ಕಲ್ಲಿರೋದೆಲ್ಲ ಅಳಿಸೋ ಕಮಾಂಡು ಇದೇ), ಆಮೇಲೆ ಕನ್ವರ್ಟ್ ಜಿಪಿಟಿ. ಕಿಟಕಿ ಮುಚ್ಚಿ ರಿಫ್ರೆಶ್ ಕೊಟ್ಟು, ಖಾಲಿ ಜಾಗ ಸೆಲೆಕ್ಟ್ ಮಾಡಿ ನೆಕ್ಸ್ಟ್ ಒತ್ತಿ. ಪಾರ್ಟಿಷನ್ ನೀವು ಮಾಡೋದು ಬೇಡ, ಸಣ್ಣಸಣ್ಣ ಒಂದೆರಡು ಅದೇ ಮಾಡ್ಕೊಳ್ಳತ್ತೆ, ವೇಸ್ಟ್ ಅಂತ ಅಳಿಸ್ಬೇಡಿ.

ವಿಂಡೋಸ್ ಎದ್ದ ಮೇಲೆ ಮತ್ತೆ ಆಫ್ ಮಾಡಿ 1 ಟಿಬಿ ಜೋಡಿಸಿ. ಅದು ಎಂಬಿಆರ್ ಆಗಿದ್ರೂ ಬರೀ ಡೇಟಾ ಓದಕ್ಕೆ ತೊಂದ್ರೆ ಇಲ್ಲ, ಲೆಕ್ಕ ಇದ್ದ ಹಾಗೇ ಇರತ್ತೆ.

ಪ್ರಶ್ನೆ: ಮಾಲೂರಿಂದ. ಲ್ಯಾಪ್‌ಟಾಪಲ್ಲಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣ್ತಿಲ್ಲ, ಇಂಟೆಲ್ 11ನೇ ಜನರೇಷನ್.

ಉತ್ತರ: ಬಹುಶಃ ಬಯೋಸಲ್ಲಿ ವಿಎಂಡಿ (ಡಿಸ್ಕುಗಳನ್ನ ನೋಡ್ಕೊಳ್ಳೋ ಇಂಟೆಲ್ ಸೆಟ್ಟಿಂಗ್) ಆನ್ ಆಗಿದೆ, ಅದರ ಡ್ರೈವರ್ ಇಲ್ದೆ ಸೆಟಪ್‌ಗೆ ಡಿಸ್ಕ್ ಕಾಣ್ತಿಲ್ಲ. ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಆ ಫೈಲನ್ನ ಎಕ್ಸ್‌ಟ್ರಾಕ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಸೆಟಪ್ ಸ್ಕ್ರೀನಲ್ಲಿ ಲೋಡ್ ಡ್ರೈವರ್ ಕೊಡಿ. ವಿಎಂಡಿ ಆಫ್ ಮಾಡಿದ್ರೂ ಡಿಸ್ಕ್ ಕಾಣತ್ತೆ, ಆದ್ರೆ ಈಗಿರೋ ವಿಂಡೋಸ್ ಬೇಕು ಅನ್ನೋರು ಅದನ್ನ ಮುಟ್ಟಬೇಡಿ, ಬೂಟ್ ಆಗ್ದೆ ನಿಂತ್ಬಿಡತ್ತೆ.