ಉಪ್ಪುನೀರಿನ ಹನಿ ಚಿಕ್ಕದಾಗುವುದೇಕೆ?

ಪ್ರಶ್ನೆ: ಉಪ್ಪು ಕರಗಿಸಿದರೆ ನೀರಿನ ಮೇಲ್ಮೈ ಎಳೆತ (ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲ) ಹೆಚ್ಚುತ್ತದೆ ಎಂದು ಓದಿ, ಡ್ರಾಪರ್‌ನಿಂದ ಹನಿ ಎಣಿಸಿ ನೋಡಿದೆ. 5 ಮಿ.ಲೀ. ಶುದ್ಧ ನೀರಿಗೆ 100 ಹನಿ, ಗಾಢ ಉಪ್ಪುನೀರಿಗೆ 105 ಹನಿ ಬಿದ್ದವು. ಎಳೆತ ಹೆಚ್ಚಿದರೆ ಹನಿ ದೊಡ್ಡದಾಗಿ ಎಣಿಕೆ ಇಳಿಯಬೇಕಲ್ಲವೇ?

ಉತ್ತರ: ಓದಿದ್ದೂ ಸರಿ, ಎಣಿಸಿದ್ದೂ ಸರಿ. ತೂಗುವುದನ್ನು ಬಿಟ್ಟಿದ್ದೀರಿ, ಅಷ್ಟೇ. ಡ್ರಾಪರ್ ತುದಿಯ ಹನಿಯನ್ನು ಹಿಡಿದಿರುವುದು ಮೇಲ್ಮೈ ಎಳೆತ. ಅದು ತಾಳುವಷ್ಟು ತೂಕ ಮೀರಿದೊಡನೆ ಹನಿ ಕಳಚುತ್ತದೆ. ಹಾಗಾಗಿ ಎಳೆತದ ಜೊತೆ ಏರುವುದು ಹನಿಯ ತೂಕ, ಗಾತ್ರವಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ಕಿಲೋ ನೀರಿಗೆ 1 ಮೋಲ್, ಅಂದರೆ 58.4 ಗ್ರಾಂ ಉಪ್ಪು ಹಾಕಿದರೆ ಏರಿಕೆ ಸುಮಾರು 1.6 ಮಾತ್ರ. 292 ಗ್ರಾಂ ಹಾಕಿದಾಗ ಎಳೆತ ಶೇ. 11ರಷ್ಟು ಹೆಚ್ಚಿದರೆ, ಸಾಂದ್ರತೆ ಶೇ. 17ರಷ್ಟು ಹೆಚ್ಚುತ್ತದೆ. ಹನಿ ಭಾರವಾಗಿದ್ದೂ ಚಿಕ್ಕದು. ನಿಮ್ಮ 105 ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ಈ ಸಲ 50 ಹನಿಗಳನ್ನು ಮುಚ್ಚಳವಿರುವ ಶೀಶೆಗೆ ಬೀಳಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಎರಡಕ್ಕೂ ಅದೇ ಡ್ರಾಪರ್ ಇರಲಿ, ನೆಟ್ಟಗೆ ಹಿಡಿಯಿರಿ, ಹನಿಗಳು ನಿಧಾನವಾಗಿ ಬೀಳಲಿ. ಅವಸರ ಮಾಡಿದರೆ ಹನಿಯ ತೂಕ ಬದಲಾಗುತ್ತದೆ. ಎರಡೂ ದ್ರವಗಳ ಉಷ್ಣತೆ ಒಂದೇ ಇರಬೇಕು: ಡಿಗ್ರಿಗೆ ಸುಮಾರು 0.15 ಮಿಲಿನ್ಯೂಟನ್ ಎಳೆತ ಕುಗ್ಗುವುದರಿಂದ, 10 ಡಿಗ್ರಿ ವ್ಯತ್ಯಾಸ ಒಂದು ಮೋಲ್ ಉಪ್ಪಿನ ಪರಿಣಾಮವನ್ನೇ ನುಂಗಿಬಿಡುತ್ತದೆ. ಇನ್ನು ಸಾಬೂನಿನ ಪಸೆ! ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಫಲಿತಾಂಶ ತಲೆಕೆಳಗು. ಅಡುಗೆ ಉಪ್ಪಿನಲ್ಲಿ ಬೇರೆ ಪದಾರ್ಥಗಳೂ ಸೇರಿರಬಹುದು, ಪ್ರಯೋಗಾಲಯದ ಸೋಡಿಯಂ ಕ್ಲೋರೈಡೇ ಬೇಕು. ಸಂಶೋಧಕರು ಅದನ್ನೂ 500 ಡಿಗ್ರಿಗಿಂತ ಮೇಲೆ ಕಾಯಿಸಿ, ಸಾವಯವ ಕಶ್ಮಲವನ್ನು ಸುಟ್ಟು ಬಳಸುತ್ತಾರೆ.

ಪ್ರಶ್ನೆ: ಎಳೆತ ಏರುವುದೆಂದರೆ ಮೇಲ್ಮೈಯಲ್ಲಿ ಅಯಾನುಗಳೇ (ಉಪ್ಪು ಕರಗಿದಾಗ ಬಿಡಿಯಾಗುವ ವಿದ್ಯುದಾವೇಶದ ಕಣಗಳು) ಇಲ್ಲವೆಂದೇ?

ಉತ್ತರ: ಒಳಗಿಗಿಂತ ಕಡಿಮೆ ಇವೆ ಎಂದಷ್ಟೇ. ಎಳೆತದ ಏರಿಳಿತದಿಂದ ಮೇಲ್ಮೈಯಲ್ಲಿ ಕರಗಿದ ಪದಾರ್ಥ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ತಿಳಿಸುವ ಗಿಬ್ಸ್ ಸಮೀಕರಣದ ಪ್ರಕಾರ ಸೋಡಿಯಂ ಕ್ಲೋರೈಡ್‌ನ ಕೊರತೆಯನ್ನು ಲೆಕ್ಕಹಾಕಿದರೆ, ಅದು ಉಪ್ಪೇ ಇಲ್ಲದ 0.3 ನ್ಯಾನೊಮೀಟರ್ ಪದರಕ್ಕೆ ಸಮ; ಹೆಚ್ಚುಕಡಿಮೆ ಒಂದು ನೀರಿನ ಅಣುವಿನ ದಪ್ಪ. ಕಾರಣ ವಿದ್ಯುತ್ತಿನದು. ನೀರಿನ ಪರಾವೈದ್ಯುತ ಸ್ಥಿರಾಂಕ (ವಿದ್ಯುದಾವೇಶಗಳ ನಡುವಿನ ಬಲವನ್ನು ಎಷ್ಟು ತಗ್ಗಿಸುತ್ತದೆಂಬ ಅಳತೆ) 80ರ ಆಸುಪಾಸು, ಗಾಳಿಯದು 1. ಅಯಾನು ಅಂಚಿಗೆ ಬಂದಷ್ಟೂ ಅದರ ಶಕ್ತಿ ಏರುವುದರಿಂದ ಒಳಕ್ಕೆ ತಳ್ಳಿಸಿಕೊಳ್ಳುತ್ತದೆ. ವಿಜ್ಞಾನಿಗಳಾದ ಆನ್ಸಾಗರ್ ಮತ್ತು ಸಮರಸ್ 1934ರಲ್ಲಿ ಕೊಟ್ಟ ವಿವರಣೆ ಇದೇ.

ಆದರೆ ಇದು ಒಟ್ಟು ಲೆಕ್ಕ, ಪದರ ಪದರದ ಚಿತ್ರವಲ್ಲ. ಅಯೊಡೈಡ್, ಬ್ರೋಮೈಡ್‌ಗಳಂಥ ದೊಡ್ಡ ಅಯಾನುಗಳ ಎಲೆಕ್ಟ್ರಾನ್ ಮೋಡ ಸುಲಭವಾಗಿ ವಿರೂಪಗೊಳ್ಳುತ್ತದೆ. ಅವು ತೀರಾ ಹೊರ ಪದರಕ್ಕೇ ಬರಬಲ್ಲವೆಂದು 2000ದ ನಂತರದ ಗಣಕ ಅನುಕರಣೆಗಳು ತೋರಿಸಿದವು. ಕೊರತೆ ಬೀಳುವುದು ಅದರ ಕೆಳಗೆ. ಫ್ಲೋರೈಡ್, ಸೋಡಿಯಂ ಮಾತ್ರ ಒಳಗೇ ಉಳಿಯುತ್ತವೆ. ಅದಕ್ಕೇ ಸೋಡಿಯಂ ಅಯೊಡೈಡ್ ಎಳೆತವನ್ನು ಸೋಡಿಯಂ ಕ್ಲೋರೈಡ್‌ನಷ್ಟು ಏರಿಸುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲವಂತೂ ಎಳೆತವನ್ನು ತುಸು ಇಳಿಸಿಯೇಬಿಡುತ್ತದೆ, ಏಕೆಂದರೆ ಆಮ್ಲದ ಹೈಡ್ರೋಜನ್ ಅಯಾನು ನೀರಿನ ಅಣುವಿಗೆ ಸೇರಿ ಆಗುವ ಹೈಡ್ರೋನಿಯಂ ಅಯಾನಿಗೆ ಮೇಲ್ಮೈಯೇ ಹಿತ.